ದಾಖಲಾತಿ ಪುಸ್ತಕದ ಇಪ್ಪತ್ತೆರಡು ಹೆಸರು

ಆ ಸರ್ಕಾರಿ ಹೈಸ್ಕೂಲಿನ ಆಫೀಸಿನಲ್ಲಿ ಇಪ್ಪತ್ತಾರು ವರ್ಷದಿಂದ ಒಂದೇ ಕುರ್ಚಿ ಸವೆಸುತ್ತಿದ್ದ ಗುಮಾಸ್ತೆಗೆ ಒಂದು ಚಾಳಿಯಿತ್ತು. ದಾಖಲಾತಿ ಪುಸ್ತಕದಲ್ಲಿ ಒಮ್ಮೆ ಬರೆದ ಹೆಸರನ್ನು ಆಕೆ ಹೊಡೆದುಹಾಕುತ್ತಿರಲಿಲ್ಲ. ಮೂರು ತಿಂಗಳು ಮುಖ ತೋರಿಸದ ಮಗುವಿನ ಹೆಸರು ತೆಗೆಯಬಹುದೆಂದು ಸುತ್ತೋಲೆ ಬಂದಿತ್ತು. ಅದನ್ನು ಓದಿ, ಚೆನ್ನಾಗಿ ತೂತು ಹೊಡೆದು ಫೈಲಿಗೆ ಸೇರಿಸಿದ್ದಳು. ಅಲ್ಲಿಗೆ ಸುತ್ತೋಲೆಯ ಕಥೆ ಮುಗಿದಿತ್ತು.

ಸುಮ್ಮನೆ ಹಟವಲ್ಲ. ಅಲ್ಲಿ ಓದುವ ಅರ್ಧ ಮಕ್ಕಳು ಕೆಲಸದ ಹಿಂದೆ ಊರೂರು ತಿರುಗುವವರ ಮಕ್ಕಳು. ಕಟ್ಟಡ ಮೇಲೆದ್ದಿತು ಅಂದರೆ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿ ಹೊರಡುತ್ತಿದ್ದರು. ಒಮ್ಮೆ ಹೆಸರು ತೆಗೆದರೆ ಮತ್ತೆ ಸೇರಲು ಆ ಪತ್ರ, ಈ ಪತ್ರ, ಅದರ ನಕಲು. ಅವನ್ನೆಲ್ಲ ಹುಡುಕಿ ತರುವ ಪುರುಸೊತ್ತು ಯಾವ ಗಾರೆಯವನಿಗಿದೆ? ಮಗು ಅಲ್ಲಿಗೇ ಓದು ಬಿಟ್ಟಂತೆ. ಇದನ್ನು ಆಕೆ ಕಣ್ಣಾರೆ ಕಂಡು ಹೊಟ್ಟೆ ಉರಿಸಿಕೊಂಡಿದ್ದಳು. "ಇರ್ಲಿ ಬಿಡಿ, ಹೆಸರಿಗೇನು ಅನ್ನ ಹಾಕ್ಬೇಕಾ?" ಅನ್ನುತ್ತಿದ್ದಳು. ತಂದೆ ತಾಯಿಯ ಕೆಲಸ ಏನೆಂಬ ಕಾಲಮ್ಮಿನಲ್ಲಿ ಬೇರೆ ಶಾಲೆಯವರು ಮೇಲಿಂದ ಕೆಳಗೆ 'ಕೂಲಿ' ಎಂದು ಗೀಚಿದರೆ, ಈಕೆ ಟೈಲ್ಸ್ ಕೂರಿಸುವವರು, ಕಂಬಿ ಕಟ್ಟುವವರು, ಡಾಂಬರು ಹಾಕುವವರು ಎಂದು ಒಂದೊಂದನ್ನೇ ಕೇಳಿ ಬರೆಯುತ್ತಿದ್ದಳು. ಮನೆಮಾತಿನ ಕಾಲಮ್ಮಿನಲ್ಲಿ ಆರು ಭಾಷೆಗಳಿದ್ದವು. ಆ ಪುಟ ಕಂಡರೆ ಆಕೆಗೆ ಒಳಗೊಳಗೇ ಹೆಮ್ಮೆ.

ಆ ವರ್ಷ ಚಾಳಿ ತಲೆಗೇ ಬಂತು. ಹತ್ತನೇ ತರಗತಿಯ ಪಟ್ಟಿಯಲ್ಲಿ ಅರವತ್ತು ಹೆಸರು. ಪರೀಕ್ಷೆ ಬರೆದವರು ಮೂವತ್ತೆಂಟು, ಪಾಸಾದವರು ಮೂವತ್ತಾರು. ಮಿಕ್ಕ ಇಪ್ಪತ್ತೆರಡು ಮಂದಿ ಪರೀಕ್ಷೆಗೆ ಮೊದಲೇ ಊರು ಬಿಟ್ಟಿದ್ದರು. ಮೇಲಿನವರ ಲೆಕ್ಕದಲ್ಲಿ ಗೈರುಹಾಜರಿಯೂ ಒಂದೇ, ಫೇಲೂ ಒಂದೇ. ಫಲಿತಾಂಶ ನೂರಕ್ಕೆ ಅರವತ್ತು. ಅರವತ್ತೈದು ಮುಟ್ಟದ ಶಾಲೆಯ ಹತ್ತನೇ ತರಗತಿಯನ್ನು ಎರಡು ಬಸ್ಸು ಬದಲಿಸಿ ಹೋಗಬೇಕಾದ ದೊಡ್ಡ ಶಾಲೆಗೆ ಸಾಗಿಸುವುದೆಂದು ಕಾಗದ ಬಂತು. ಅಷ್ಟು ದೂರ ಈ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹೋದಂತೆಯೇ!

ಹೆಡ್‌ಮಾಸ್ತರು ಕಾಗದ ಹಿಡಿದು ಬಂದರು. ಒಳ್ಳೆಯವರೇ, ಆದರೆ ಆವತ್ತು ಮುಖ ಹುಳ್ಳಗಾಗಿತ್ತು.

"ನೋಡಮ್ಮಾ, ನಿನ್ನ ಪುಸ್ತಕದಿಂದ ಆಗಿರೋ ಅವಾಂತರ. ಆ ಇಪ್ಪತ್ತೆರಡು ಹೆಸರು ಹಿಂದಿನ ತಾರೀಕು ಹಾಕಿ ತೆಗೆದುಬಿಡು. ಮೂವತ್ತೆಂಟಕ್ಕೆ ಮೂವತ್ತಾರು ಅಂದ್ರೆ ಹಾರ ಹಾಕ್ತಾರೆ ನಮಗೆ."

"ತೆಗೆದ್ರೆ ಆ ಮಕ್ಕಳು ಎಲ್ಲಿಗೂ ಸೇರದ ಹಾಗಾಗ್ತಾರೆ ಸಾರ್."

"ತೆಗೀದೆ ಇದ್ರೆ ತರಗತಿನೇ ಹೋಗುತ್ತೆ. ಆಮೇಲೆ ಪುಸ್ತಕ ತಬ್ಕೊಂಡು ಕೂತಿರು."

ಮಾತು ಚುಚ್ಚಿತು, ಯಾಕೆಂದರೆ ಅದು ಸುಳ್ಳಾಗಿರಲಿಲ್ಲ. ಆಕೆ ಪೆನ್ನು ತೆರೆದಳು. ಮೊದಲ ಹೆಸರು ಟೈಲ್ಸ್‌ನವನ ಮಗಳದು. ಹೊರಡುವ ದಿನ ಆಫೀಸಿನ ಬಾಗಿಲಲ್ಲಿ ನಿಂತು, ಗಣಿತದ ಪುಸ್ತಕ ಒಯ್ಯಬಹುದೇ ಎಂದು ಕೇಳಿದ್ದ ಹುಡುಗಿ. ಆಕೆ ಪೆನ್ನು ಮುಚ್ಚಿದಳು.

"ಸಾರ್, ಇವರೆಲ್ಲರ ಪರೀಕ್ಷೆ ಅರ್ಜಿನೂ ನಾನೇ ಹಾಕಿದ್ದೆ. ಹೆಸರು ಇರೋದ್ರಿಂದ ಮುಂದಿನ ತಿಂಗಳ ಪೂರಕ ಪರೀಕ್ಷೆ ಬರೀಬಹುದು. ಅದನ್ನೂ ಶಾಲೆ ಲೆಕ್ಕಕ್ಕೆ ಸೇರಿಸ್ತಾರೆ. ಅರವತ್ತೈದು ಮುಟ್ಟೋಕೆ ನಮಗೆ ಬೇಕಿರೋದು ಮೂರೇ ಮೂರು ಪಾಸು."

"ಎಲ್ಲಿದಾರೆ ಅಂತ ಹುಡುಕ್ತೀಯ?"

ಆಕೆ ಮೇಜಿನ ಮೇಲಿನ ಫೋನನ್ನು ಹತ್ತಿರಕ್ಕೆಳೆದಳು. ಏಳು ನಂಬರು ಸತ್ತುಹೋಗಿದ್ದವು. ಒಬ್ಬ ತಂದೆ, ಮಗ ಈಗ ದುಡಿಯುತ್ತಿದ್ದಾನೆ, ಅವನ ತಂಟೆಗೆ ಬರಬೇಡಿ ಎಂದು ರೇಗಿದ. ಅವನಿಗೆ ಆಕೆ ನಾಲ್ಕು ದಿನ ಬಿಡದೆ ಫೋನು ಮಾಡಿದಳು, ಅವನು ಐದನೇ ದಿನ ಸೋತ. ಟೈಲ್ಸ್‌ನವನ ಮಗಳು ತಾನೇ ಫೋನೆತ್ತಿದಳು.

"ಅಕ್ಕಾ, ನನ್ನ ಹೆಸರು ಇನ್ನೂ ಇದ್ಯಾ?"

"ಯಾಕಿರಲ್ಲ? ನೀನು ತೆಗೆಸಿಲ್ಲ, ನಾನು ತೆಗೆದಿಲ್ಲ. ಹೊರಡು."

ಆ ಕಡೆ ಹುಡುಗಿ ಅಳುತ್ತಿರುವುದು ಕೇಳಿಸಿತು.

ಒಂಬತ್ತು ಮಂದಿ ಬಂದರು. ಹೆಣ್ಣುಮಕ್ಕಳು ನಾಲ್ವರೂ ಗುಮಾಸ್ತೆಯ ಮನೆಯಲ್ಲೇ ಠಿಕಾಣಿ ಹೂಡಿದರು. ಆಕೆಯ ಗಂಡ ಬಚ್ಚಲ ಮನೆಗೆ ಸರದಿ ಕಾಯುತ್ತಾ, "ಶಾಲೆನ ಮನೆಗೇ ತಂದ್ಯಲ್ಲೇ" ಎಂದು ಗೊಣಗಿದ. ಗೊಣಗುತ್ತಲೇ ಅವರಿಗೆ ನಕ್ಷೆ ಬಿಡಿಸುವುದು ಹೇಳಿಕೊಟ್ಟ. ಗಣಿತದ ಮೇಷ್ಟ್ರು ರಜೆಯನ್ನು ಮೂಲೆಗೆ ಸೇರಿಸಿ ಬೆಳಗಿಂದ ಸಂಜೆಯವರೆಗೆ ಬೋರ್ಡಿನ ಮುಂದೆ ನಿಂತರು. ಮೊದಲ ಸಲ ಫೇಲಾದ ಇಬ್ಬರೂ ಹಿಂದಿನ ಬೆಂಚಿಗೆ ಬಂದು ಕೂತರು.

ಫಲಿತಾಂಶ ಬಂದ ದಿನ ಹೆಡ್‌ಮಾಸ್ತರು ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ನಂಬರು ಒತ್ತಿದರು. ಮೂರನೇ ಪಾಸಿಗೆ ಅವರಿಗೆ ಹೋದ ಜೀವ ಬಂದಂತಾಯಿತು. ಆದರೂ ಬೆರಳು ನಿಲ್ಲಲಿಲ್ಲ. ಒಂಬತ್ತರಲ್ಲಿ ಎಂಟು ಪಾಸು. ಹಿಂದಿನ ಬೆಂಚಿನ ಇಬ್ಬರೂ ಪಾಸು. ಅರವತ್ತಕ್ಕೆ ನಲವತ್ತಾರು! ಟೈಲ್ಸ್‌ನವನ ಮಗಳಿಗೆ ಗಣಿತದಲ್ಲಿ ನೂರಕ್ಕೆ ತೊಂಬತ್ತೊಂದು. ಗಣಿತದ ಮೇಷ್ಟ್ರು ಹೊರಗೆ ಹೋಗಿ ಸುಮ್ಮನೆ ಮೂಗು ಒರೆಸಿಕೊಂಡರು.

ಮರುವಾರ ಇಲಾಖೆಯ ಅಧಿಕಾರಿ ಬಂದರು. ತರಗತಿ ಇಲ್ಲೇ ಇರಲಿ ಎಂದು ಸಹಿ ಹಾಕಿದರು. ಆಮೇಲೆ ದಾಖಲಾತಿ ಪುಸ್ತಕ ತಿರುವಿ ಮೂಗು ಮುರಿದರು.

"ಒಬ್ಬ ಪಾಸಾಗಿಲ್ಲ, ಇನ್ನು ಹದಿಮೂರು ಜನರ ಪತ್ತೇನೇ ಇಲ್ಲ. ಈ ಸತ್ತ ಹೆಸರುಗಳನ್ನಾದ್ರೂ ಈಗ ತೆಗೀರಿ. ಮುಂದಿನ ವರ್ಷ ಮತ್ತೆ ಇದೇ ಗೋಳು ಯಾಕೆ?"

ಗುಮಾಸ್ತೆ ಉತ್ತರ ಕೊಡಲು ಎದ್ದು ನಿಂತಳು. ಅಷ್ಟರಲ್ಲಿ ಹೆಡ್‌ಮಾಸ್ತರು ಕೈ ಚಾಚಿ ಪುಸ್ತಕವನ್ನು ಅಧಿಕಾರಿಯ ಮುಂದಿನಿಂದ ತೆಗೆದು, ಮುಚ್ಚಿ, ತಮ್ಮ ಕಂಕುಳಲ್ಲಿಟ್ಟುಕೊಂಡರು.

"ಸತ್ತ ಹೆಸರು ಅನ್ಬೇಡಿ ಸಾರ್," ಎಂದರು. "ನಮ್ಮ ಮಕ್ಕಳು ಅವರು. ಇನ್ನೂ ಹದಿಮೂರು ಜನ ಬರೋದಿದೆ."