ಉಕಾರ ನುಂಗಬಾರದು

ಸತ್ಯಮೂರ್ತಿಗಳ ಮಗ ಜಯಸಿಂಹ ಹಾಡುಗಾರ ಎಂದರೆ ಮುಂಬಯಿಯ ಸಯನ್ನಿನ ಆ ಬಿಲ್ಡಿಂಗಿನಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಗಿಟಾರು ಗುಡುಗುತ್ತಿತ್ತು, ಡ್ರಮ್ಮು ಬಡಿದುಕೊಳ್ಳುತ್ತಿತ್ತು, ಅದರ ಮೇಲೆ ಹುಡುಗ ತಾಳಕ್ಕೆ ಸರಿಯಾಗಿ ಜಗಳ ಆಡುತ್ತಿದ್ದ. ರ‍್ಯಾಪ್ ಮೆಟಲ್ ಅಂತೆ! ‘ತೋಡ್‌ಫೋಡ್’ ಎಂಬ ಆ ನಾಲ್ವರ ಬ್ಯಾಂಡಿನ ಮೊದಲ ಕ್ಯಾಸೆಟ್ ಇಂಗ್ಲಿಷಿನಲ್ಲಿ ಬಂದು, ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾಗಿತ್ತು.

ತೊಂಬತ್ತೆರಡರಲ್ಲಿ ಎರಡನೆಯದು ತಯಾರಾಯಿತು. ಈ ಸಲ ಹಿಂದಿ, ಮರಾಠಿ, ಜೊತೆಗೆ ಒಂದು ಕನ್ನಡ ಹಾಡು. ವಡಾಲದಲ್ಲಿ ಬುಲ್ಡೋಜರ್ ನುಗ್ಗಿಸಿ ಗುಡಿಸಲು ಕೆಡವಿದ್ದರಲ್ಲ, ಅಲ್ಲಿದ್ದ ನಮ್ಮ ಕಡೆಯ ಕೂಲಿಗಳ ಹಾಡು. ಕೆಡವಿಸಿದ್ದು ಸತ್ಯಮೂರ್ತಿಗಳು ಗುಮಾಸ್ತರಾಗಿದ್ದ ಕಚೇರಿಯೇ. ಆ ಬಗ್ಗೆ ಅವರು ಮನೆಯಲ್ಲಿ ತುಟಿ ಬಿಚ್ಚಿರಲಿಲ್ಲ.

ಒಂದು ಸಂಜೆ ಜಯಸಿಂಹ ಸಪ್ಪೆ ಮುಖ ಹೊತ್ತು ಬಂದ.

“ಅಪ್ಪಾ, ಕನ್ನಡ ಗಾನಾ ಕಟ್ ಮಾಡ್ತಾರಂತೆ. ನಾವು ಹಂದಿ ಅಂತ ಬೈದು ಗಾಲಿ ಕೊಡ್ತೀವಿ ಅಂತಾನೆ, ಕ್ಯಾಸೆಟ್ ಕಂಪನಿ ಸೇಠ್.”

“ಯಾರಿಗೋ ಹಂದಿ ಅಂದೆ?”

“ಯಾರಿಗೂ ಇಲ್ಲ! ‘ಸೂರ್ ಕೊಡಿ, ಸೂರ್ ಕೊಡಿ’ ಅಷ್ಟೇ. ಅವನಿಗೆ ಅದು ಹಿಂದಿಯ ಸುವರ್, ಹಂದಿ ಅಂತ ಕೇಳಿಸ್ತದೆ. ನೀವು ಬಂದು ಸಮ್ಜಾಯಿಸಿ, ಪ್ಲೀಸ್.”

ಮಗ ಅಪ್ಪನನ್ನು ಏನಾದರೂ ಕೇಳಿ ವರ್ಷಗಳೇ ಆಗಿದ್ದವು. ಸತ್ಯಮೂರ್ತಿಗಳು ಇಸ್ತ್ರಿ ಅಂಗಿ ತೊಟ್ಟು ಗ್ರಾಂಟ್ ರೋಡಿನ ಸ್ಟುಡಿಯೋಗೆ ಹೊರಟರು.

ಸೇಠ್ ಟೇಪು ಹಾಕಿಸಿದ. ಕೇಳಿದರೆ, ಸಾಕ್ಷಾತ್ ಹಂದಿಯೇ!

“ತಪ್ಪು ಅವರದಲ್ಲ ಕಣೋ, ನಿಂದೇ. ಸೂರು ಅನ್ನು. ತಲೆ ಮೇಲಿನ ಸೂರು. ಕೊನೇ ಉಕಾರ ಯಾಕೋ ನುಂಗ್ತೀಯ?” ಎಂದು ಮಗನನ್ನು ಗದರಿಸಿ, ಸೇಠ್ ಕಡೆ ತಿರುಗಿ, “ಸೂರು ಮತ್ಲಬ್ ಛತ್” ಎಂದರು.

ಹಾಗಾದರೆ ಈಗಲೇ ಸ್ಪಷ್ಟವಾಗಿ ಹಾಡಿಸಿ, ಇಲ್ಲವಾದರೆ ಹಾಡೇ ಬೇಡ ಎಂದ ಸೇಠ್.

ಬ್ಯಾಂಡಿನ ಉಳಿದ ಮೂವರಿಗೆ ಕನ್ನಡದ ಗಂಧವಿಲ್ಲ. ಜಯಸಿಂಹನೂ ತಾಳ ಏರಿದೊಡನೆ ಉಕಾರ ನುಂಗುತ್ತಿದ್ದ. ಎಷ್ಟು ತಿದ್ದಿದರೂ ಹಂದಿ ಹೋಗಲೊಲ್ಲದು. ಸತ್ಯಮೂರ್ತಿಗಳಿಗೆ ರೇಗಿತು.

“ಸರೀರೋ, ನಾನೇ ಹೇಳ್ತೀನಿ.”

ಮೈಕಿನ ಮುಂದೆ ನಿಂತ ಮೇಲೆ ಹೊಳೆಯಿತು, ಇದು ಕಚೇರಿಯವರ ಕಿವಿಗೆ ಬಿದ್ದರೆ ತಮ್ಮ ಗತಿಯೇನು ಎಂದು. ಗಾಜಿನಾಚೆ ಮಗ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

“ಸೂರು ಕೊಡಿ! ಸೂರು ಕೊಡಿ!”

ಜನ್ಮದಲ್ಲಿ ಯಾರೆದುರೂ ಏರದ ದನಿ ಅಂದು ಏರಿತು. ನಿಲ್ಲಿಸೆಂದರೂ ನಿಲ್ಲಲಿಲ್ಲ. ಜಯಸಿಂಹ ಒಳಗೆ ಓಡಿಬಂದು ಅಪ್ಪನನ್ನು ಅನಾಮತ್ತು ಎತ್ತಿಬಿಟ್ಟ. ಅವರಿಗೂ ಒಳಗೊಳಗೇ ಹಿಗ್ಗು.

ಎರಡನೆಯ ಕ್ಯಾಸೆಟ್ ವಡಾಲದ ಚಹಾದಂಗಡಿಗಳಲ್ಲೆಲ್ಲ ಮೊಳಗಿತು. ಒಂದು ದಿನ ಕಚೇರಿಯ ದೊಡ್ಡ ಸಾಹೇಬರಾದ ಶಂಕ್ರೆಪ್ಪನವರು ಸತ್ಯಮೂರ್ತಿಗಳನ್ನು ಒಳಗೆ ಕರೆಸಿದರು. ಧಾರವಾಡದ ಕಡೆಯವರು, ಹಾಡಿನ ಒಂದೊಂದು ಮಾತೂ ಅವರಿಗೆ ತಿಳಿದಿತ್ತು.

“ಏನ್ರೀ ಇದು? ಇಡೀ ಊರಾಗ ನಮ್ಮ ಮಾನ ಹರಾಜು ಹಾಕ್ಯಾನ. ಹಿಂಗ ಒದರಾಂವ ನಿಮ್ಮ ಮಗಾ ಏನು?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಹುಡುಗರ ಹುಚ್ಚಾಟ, ಬುದ್ಧಿ ಹೇಳಿ ಎಂದು ಬಿಟ್ಟುಬಿಡುತ್ತಿದ್ದರು. ಸತ್ಯಮೂರ್ತಿಗಳು ಎದೆಯುಬ್ಬಿಸಿ ನಿಂತರು.

“ಹಾಡು ಮಗಂದು ಸಾರ್. ಆ ಕೂಗು ನಂದು.”