ಕೊಪ್ಪರಿಗೆಗೆ ಬಿದ್ದ ಜಿಡ್ಡು ಯಾವುದು?

"ಬೆಲ್ಲಕ್ಕೆ ಹಲಾಲ್ ಅಂತೆ! ನಾವೇನ್ ಕುರಿ ಕುಯ್ದು ಬೆಲ್ಲ ಮಾಡ್ತೀವಾ ಅತ್ಗೆ?"

ಸಂತೆಬಾಚಹಳ್ಳಿಯ ಸಿದ್ದರಾಜು ಫೋನನ್ನು ಜಗಲಿಯ ಮೇಲೆ ಕುಕ್ಕಿದ. ಅತ್ತಿಗೆ ಪುಟ್ಟಗೌರಮ್ಮನಿಗೆ ನಗು ಬರಲಿಲ್ಲ. ಅವರ ಆಲೆಮನೆಯ ಬೆಲ್ಲ ಮೊದಲ ಸಲ ಸಮುದ್ರ ದಾಟುವುದಿತ್ತು. ಮಹಿಳಾ ಸಂಘದ ಹೆಂಗಸರು ಪುಡಿ ಮಾಡಿ ತುಂಬಿದ ಚೀಲಗಳು ಹಜಾರದ ತುಂಬ ಕೂತಿದ್ದವು. ಕೊಳ್ಳುವ ದೇಶದವರು ಹಲಾಲ್ ಪ್ರಮಾಣಪತ್ರ ಕೇಳಿದ್ದರು. ಅದನ್ನು ಕೊಡುವವರು ಅರ್ಜಿಯನ್ನೇ ತಡೆಹಿಡಿದಿದ್ದರು. ಶುಕ್ರವಾರದೊಳಗೆ ಸರಿಯಾಗದಿದ್ದರೆ ಆರ್ಡರು ಬೇರೆಯವರ ಪಾಲು.

"ನಾನೇ ಒಂದ್ ಹಲಾಲ್ ಸ್ಟಿಕ್ಕರು ಪ್ರಿಂಟ್ ಹಾಕುಸ್ಕಂಡ್ ಬತ್ತೀನಿ ಬುಡಿ."

"ಸುಮ್ಕಿರಪ್ಪ ಸಾಕು!" ಎಂದು ಗದರಿದ ಪುಟ್ಟಗೌರಮ್ಮ ಶ್ರೀರಂಗಪಟ್ಟಣದಿಂದ ಮೆಹನಾಜಳನ್ನು ಕರೆಸಿದಳು. ರಫ್ತಿನ ಕಾಗದಪತ್ರ ನೋಡಿಕೊಳ್ಳುವ ಹೆಣ್ಣುಮಗಳು. ಎಂಥ ಚುರುಕು ಅಂತೀರಿ! ಅರ್ಜಿಯ ಮೇಲೆ ಕಣ್ಣಾಡಿಸಿದವಳೇ ಒಂದು ಸಾಲಿಗೆ ಬೆರಳಿಟ್ಟಳು.

"ಅಣ್ಣಾ, ನೊರೆ ಉಕ್ಕಿದಾಗ ಕೊಪ್ಪರಿಗೆಗೆ ಜಿಡ್ಡು ಹಾಕ್ತೀವಿ ಅಂತ ಬರ್ದಿದ್ದೀರ. ಯಾವ ಜಿಡ್ಡು?"

"ಜಿಡ್ಡು ಅಂದ್ರೆ ಹಳ್ಳೆಣ್ಣೆ ಕಣವ್ವ. ನಮ್ಮ ತಾತನ ಕಾಲ್ದಿಂದ್ಲೂ ಅದೇಯ."

"ನಿಮ್ಗೆ ಗೊತ್ತು. ಓದೋರ್ಗೆ ಅದು ಎಣ್ಣೇನೋ ಹಂದಿ ಕೊಬ್ಬೋ ಹೆಂಗ್ ಗೊತ್ತಾಗ್ಬೇಕು? ಹಲಾಲ್ ಅಂದ್ರೆ ಬರೀ ಮಾಂಸದ ಮಾತಲ್ಲ ಅಣ್ಣಾ. ಒಳಗೆ ಏನು ಬಿತ್ತು, ಯಾವ ಪಾತ್ರೆ, ಯಾವ ಲಾರಿ, ಎಲ್ಲಾ ನೋಡ್ತಾರೆ. ಸುಳ್ಳು ಸ್ಟಿಕ್ಕರು ಅಂಟಿಸಿದ್ರೆ ಮಾಲು ಬಂದರಿನಲ್ಲೇ ಕೊಳೆಯುತ್ತೆ."

ಸಿದ್ದರಾಜು ತಲೆ ಕೆರೆದುಕೊಂಡ. "ಅವ್ರು ಕುಣಿಸ್ದಂಗೆಲ್ಲ ಕುಣೀಬೇಕಾ ಅಂಗಾದ್ರೆ?"

"ಯಾಕೆ ಕುಣೀಬೇಕು? ದೇಶದೇಶಗಳ ನಡುವೆ ವ್ಯಾಪಾರದ ಒಪ್ಪಂದ ಇದೆ. ನಿಯಮ ಮಾಡೋ ಹಕ್ಕು ಅವ್ರಿಗಿದೆ. ಆದ್ರೆ ತಮ್ಮೋರಿಗೊಂದು, ನಮಗೊಂದು ಮಾಡಂಗಿಲ್ಲ. ಬಚ್ಚಿಡಂಗೂ ಇಲ್ಲ. ಕೇಳ್ದೋರಿಗೆ ತೋರಿಸ್ಬೇಕು. ಅವ್ರ ಸರ್ಕಾರಾನ ಕೇಳಿ ಈ ನಿಯಮ ಮೊದ್ಲೇ ತರಿಸಿದ್ದೀನಿ, ನೋಡಿ."

ಸಿದ್ದರಾಜು ಆ ಹಾಳೆಗಳನ್ನು ಎರಡೂ ಕೈಯಲ್ಲಿ ಹಿಡಿದ. ಅಬ್ಬಾ! ಒಂದು ಹಳ್ಳಿಯ ಆಲೆಮನೆ ಕೇಳಿದರೆ ಒಂದು ಸರ್ಕಾರವೇ ಉತ್ತರ ಕೊಡಬೇಕು! ತಾನೇ ಕೂತು ಅರ್ಜಿಯಲ್ಲಿ ಜಿಡ್ಡು ಎಂದಿದ್ದನ್ನು ಹರಳೆಣ್ಣೆ ಎಂದು ತಿದ್ದಿ ಬರೆದ, ಎಣ್ಣೆ ಗಾಣದವನ ರಸೀದಿ ಲಗತ್ತಿಸಿದ. ಮರುದಿನ ಪರಿಶೀಲಕರು ಬಂದಾಗ ಕೊಪ್ಪರಿಗೆಯಿಂದ ಹಿಡಿದು ಲಾರಿಯವರೆಗೆ ಅವನೇ ಮುಂದೆ ನಿಂತು ತೋರಿಸಿದ.

ಗುರುವಾರ ಪ್ರಮಾಣಪತ್ರ ಬಂತು. ಲಾರಿ ಹೊರಟಾಗ ಪುಟ್ಟಗೌರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಇಷ್ಟ್ ದಿನ ನಮ್ ಬೆಲ್ಲ ಸೀಯಾಗದೆ ಅಂತಿದ್ರು ಕಣಮ್ಮ ಮೆಹನಾಜ. ಈಗ ನಮ್ ಮಾತು ನಿಜ ಅಂತಾವ್ರೆ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮಾಲು ಹೊರದೇಶಕ್ಕೆ ಹೋಗುವುದಿದ್ದರೆ ಅಲ್ಲಿನ ನಿಯಮವನ್ನು ಮೊದಲೇ ಬರವಣಿಗೆಯಲ್ಲಿ ಕೇಳಿ ತರಿಸಿಕೊಳ್ಳಿ. ಕೇಳುವುದು ನಿಮ್ಮ ಹಕ್ಕು, ಅಂಜಬೇಡಿ. ಹಾಕಿದ ಪ್ರತಿ ಪದಾರ್ಥದ ಹೆಸರನ್ನು ಬಿಡಿಸಿ ಬರೆಯಿರಿ. ನಿಮ್ಮನ್ನು ಕಂಡೇ ಇಲ್ಲದ ಒಬ್ಬ ತಾಯಿ ಚೀಲದ ಮೇಲಿನ ಚೀಟಿ ನಂಬಿ ತನ್ನ ಮಗುವಿಗೆ ಅದನ್ನು ತಿನ್ನಿಸುತ್ತಾಳೆ.