ಮೂಲೆಕಿಟಕಿ ತೆರೆದಾಗ

ನಡುಗಡ್ಡೆಯ ಹಳೇ ಬಂಗಲೆಯ ಬಾಗಿಲು ಕಿಟಕಿಗಳನ್ನು ರಿಪೇರಿ ಮಾಡುತ್ತಲೇ ಬಡಗಿಯ ಆಯುಸ್ಸು ಸವೆದಿತ್ತು. ಮಧ್ಯಾಹ್ನ ಕೆಲಸ ನಿಲ್ಲಿಸುವಾಗ ಅವನು ಮಹಡಿಯ ಮೂಲೆಕಿಟಕಿ ತೆರೆಯುವನು. ಈಚೆ ದಡದ ಮನೆಯಂಗಳದಿಂದ ಅದನ್ನು ಕಂಡು ಹೆಂಡತಿ ಒಲೆ ಹಚ್ಚುವಳು. ಚಾವಣಿಯ ಮೇಲೆ ಹೊಗೆ ಎದ್ದರೆ ಅವನು ಕಿಟಕಿ ಮುಚ್ಚಿ ದೋಣಿಗೆ ಇಳಿಯುವನು.

"ನಿನ್ನ ಹೊಗೆ ಕಂಡ್ಮೇಲೇ ನಂಗೆ ಹಸಿವಾಗೋದು ಕಣೇ" ಎಂದು ನಗಿಸುತ್ತಿದ್ದ.

ಕೊನೆಯ ದಿನವೂ ಕಿಟಕಿ ತೆರೆಯಿತು. ಅವಳು ಒಲೆ ಹಚ್ಚಿದಳು. ಸೌದೆ ಚೆನ್ನಾಗಿ ಒಣಗಿತ್ತು; ಹೊಗೆ ಎದ್ದಿತೋ ಇಲ್ಲವೋ ಹೊರಗೆ ಬಂದು ನೋಡಲಿಲ್ಲ. ಸಂಜೆಯಾದರೂ ಕಿಟಕಿ ಮುಚ್ಚಲಿಲ್ಲ. ಬಡಗಿ ಅದರ ಕೆಳಗೇ ಎದೆ ಹಿಡಿದು ಕುಸಿದಿದ್ದ. ಹೊಗೆ ಕಂಡೇ ಹೋದರೋ, ಕಾಯುತ್ತಾ ಹೋದರೋ? ಆ ಮುಳ್ಳು ಅವಳೊಳಗೆ ಮುರಿದು ಕೂತಿತ್ತು. ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಬಂಗಲೆಯನ್ನು ಈಗ ಜನರ ನೋಟಕ್ಕೆ ತೆರೆದಿದ್ದರು. ರಜೆಯ ದಿನ ಮಗ, ಮೊಮ್ಮಗಳ ಜೊತೆ ಅವಳೂ ಹೊರಟಳು. ಹಸು ಇಂದೋ ನಾಳೆಯೋ ಕರು ಹಾಕುವಂತಿತ್ತು, ಸೊಸೆ ಮನೆಯಲ್ಲುಳಿದಳು.

"ಮೂಲೆಕಿಟಕಿ ತೆರೆದದ್ದು ಕಂಡ ತಕ್ಷಣ ಒಲೆ ಹಚ್ಚಮ್ಮ. ಮರೀಬೇಡ."

"ಬೆಳಗ್ಗಿಂದ ಅದನ್ನೇ ಹೇಳ್ತಿದೀರಲ್ಲ ಅತ್ತೆ! ಹಸು ಬೇಕಾದ್ರೂ ಮರೆತೇನು, ನಿಮ್ಮ ಕಿಟಕಿ ಮರೆಯಲ್ಲ."

ಬಂಗಲೆಯಲ್ಲಿ ಕುರ್ಚಿಗಳಿಗೆಲ್ಲ ಹಗ್ಗ ಕಟ್ಟಿದ್ದರು.

"ಯಾರೂ ಕೂರಂಗಿಲ್ಲ ಅಂದ್ಮೇಲೆ ಇಷ್ಟೊಂದು ಕುರ್ಚಿ ಯಾಕಜ್ಜಿ?" ಎಂದಳು ಮೊಮ್ಮಗಳು.

ಅಜ್ಜಿ ಅತ್ತಿತ್ತ ನೋಡದೆ, ಗೋಡೆ ಹಿಡಿದು ಮಹಡಿ ಹತ್ತಿದಳು.

"ಕಿಟಕಿ ಮುಟ್ಟಬೇಡಿ ಅಮ್ಮ. ಬಿಸಿಲಿಗೆ ಪರದೆ ಬಣ್ಣ ಹೋಗುತ್ತೆ" ಎಂದ ಕಾವಲುಗಾರ.

"ಇದನ್ನ ಮಾಡಿದ್ದು ನಮ್ಮಪ್ಪ" ಎಂದ ಮಗ ಮೆಲ್ಲಗೆ. "ಅವರು ಹೋದದ್ದೂ ಇದರ ಕೆಳಗೇ."

ಕಾವಲುಗಾರ ಮೆಟ್ಟಿಲ ಕಡೆ ತಿರುಗಿ ನಿಂತ. "ಬೇಗ ಮುಚ್ಚಿಬಿಡಿ."

ಅಗುಳಿ ಸಲೀಸಾಗಿ ಸರಿಯಿತು. ಹೊಳೆಯಾಚೆ ಮನೆ ಅಂಗೈಯಷ್ಟು ಕಂಡಿತು. ಅಂಗಳದಲ್ಲಿದ್ದ ಸೊಸೆ ಕೈಯೆತ್ತಿ ಬೀಸಿ ಒಳಗೋಡಿದಳು. ಅಜ್ಜಿ ಚಾವಣಿಯ ಮೇಲೆ ಕಣ್ಣು ನೆಟ್ಟಳು. ಕಾಗೆಯೊಂದು ಬಂದು ಕೂತಿತು, ಹಾರಿಹೋಯಿತು. ಹೊಗೆ ಏಳಲಿಲ್ಲ. ಕಾವಲುಗಾರ ಕೆಮ್ಮಿದ. ಇನ್ನಷ್ಟು ಹೊತ್ತು ಬಿಟ್ಟು ಮತ್ತೆ ಕೆಮ್ಮಿದ.

"ಬಾ ಅಮ್ಮ" ಎಂದು ಮಗನೇ ಕಿಟಕಿ ಮುಚ್ಚಿದ.

ದೋಣಿಯಲ್ಲೂ ಅವಳು ಮನೆಯ ಚಾವಣಿಯ ಕಡೆಗೇ ಮುಖ ಮಾಡಿ ಕೂತಳು.

ಮನೆಯಲ್ಲಿ ಅಡುಗೆ ಆಗಿತ್ತು. ಗ್ಯಾಸಿನ ಮೇಲೆ ಪಾತ್ರೆ ಇನ್ನೂ ಸಣ್ಣಗೆ ಕುದಿಯುತ್ತಿತ್ತು.

"ಕಿಟಕಿ ತೆರೆದದ್ದೇ ತಡ, ಓಡಿಬಂದು ಹಚ್ಚಿದೆ ಅತ್ತೆ. ಬಿಸಿಯಾಗಿದೆ, ಕೂತ್ಕೊಳ್ಳಿ."

ಅಜ್ಜಿ ಹೊಗೆಯಿಲ್ಲದ ಆ ನೀಲಿ ಉರಿಯನ್ನೇ ನೋಡುತ್ತಾ ನಿಂತಳು.

"ಯಾಕತ್ತೆ? ತಡವಾಯ್ತಾ?"

"ಇಲ್ಲ ಕಣಮ್ಮ" ಎಂದಳು ಅಜ್ಜಿ, ಗೋಡೆಗೊರಗಿ ಕೂರುತ್ತಾ. "ಅವತ್ತು ನಾನೂ ಕಂಡ ತಕ್ಷಣವೇ ಹಚ್ಚಿದ್ದೆ."

ಸೊಸೆಗೆ ಅರ್ಥವಾಗಲಿಲ್ಲ. ತಟ್ಟೆ ತಂದು ಮುಂದಿಟ್ಟಳು.